ಹರ್ಮಿನಿಯಾ ಟೀಚರ್ ಕಲಿಸಿದ ನಮಸ್ಕಾರ

ಬೇಸಿಗೆ ರಜೆಯಲ್ಲಿ ಹರ್ಮಿನಿಯಾ ಟೀಚರಿಗೆ ಹೊರದೇಶದಲ್ಲೊಂದು ಕೆಲಸ ಬೇಕಿತ್ತು ಎಂದರೆ ಅದರಲ್ಲೇನೂ ವಿಶೇಷವಿಲ್ಲ. ಏಪ್ರಿಲ್ ಬಂತೆಂದರೆ ನಮ್ಮ ದ್ವೀಪದೇಶದ ಆಂಟಿಕೆ ಪ್ರಾಂತ್ಯದ ಅರ್ಧಕ್ಕರ್ಧ ಮೇಷ್ಟರುಗಳು ವಿಯೆಟ್ನಾಮ್, ಥಾಯ್ಲೆಂಡ್ ಎಂದು ಇಂಗ್ಲಿಷ್ ಕಲಿಸಲು ಪೆಟ್ಟಿಗೆ ಕಟ್ಟುವವರೇ. ಜೂನಿಗೆ ಎಲ್ಲರೂ ವಾಪಸ್ಸು. ಆದರೆ ಈಕೆ ಹಟ ಹಿಡಿದದ್ದು ಥಾಯ್ಲೆಂಡಿನ ಒಳನಾಡಿನ ಒಂದೇ ಒಂದು ಊರಿಗೆ.

"ಯಸೋಥೊನ್ನಾ? ನಿಮಗೇನು ತಲೆ ಕೆಟ್ಟಿದ್ಯಾ ಅಕ್ಕಾ?" ಎಂದು ಫೋನಿನಲ್ಲೇ ಕಿರುಚಿದಳು ರೊವೆನಾ. ಬ್ಯಾಂಕಾಕಿನಲ್ಲಿ ಕೂತು ನಮ್ಮವರಿಗೆ ಕೆಲಸ ಕೊಡಿಸುವವಳು ಅವಳೇ. "ಎಲ್ರೂ ಸಮುದ್ರದ ಕಡೆ ಕೇಳ್ತಾರೆ. ನೀವು ಹೋಗಿ ಹೋಗಿ ಕಾದ ಹೆಂಚಿನ ಮೇಲೆ ಕೂತ್ಕೋತೀನಿ ಅಂತೀರಲ್ಲ!"

"ಸಮುದ್ರ ನಮ್ಮನೆ ಹಿತ್ತಲಲ್ಲೇ ಇದೆ ಕಣಮ್ಮಾ. ಅದನ್ನ ನೋಡೋಕೆ ಅಷ್ಟು ದೂರ ಬರ್ಬೇಕಾ?"

"ಆ ಸ್ಕೂಲಿನವರು ವಯಸ್ಸಿನ ಹುಡುಗೀರನ್ನೇ ಕೇಳ್ತಾರೆ. ನೀವು ಕಳ್ಸಿರೋ ಫೋಟೋ ಯಾವಾಗಿಂದು?"

"ಹೋದ ವಾರದ್ದು."

"ಅಯ್ಯೋ ದೇವ್ರೇ, ಅಲ್ಲೇ ಕೆಟ್ಟಿದ್ದು! ಹದಿನೈದು ವರ್ಷದ ಹಿಂದಿಂದು ಕಳ್ಸಿ. ಎಲ್ರೂ ಮಾಡೋದು ಅದನ್ನೇ."

ಟೀಚರ್ ಕಳಿಸಲಿಲ್ಲ. ಸುಳ್ಳು ಹೇಳಲು ಬಾರದ ಹೆಂಗಸು. ಬಾಯಿ ತೆರೆದರೆ ನಿಜವೇ ಜಾರಿ ಬೀಳುತ್ತಿತ್ತು. ಕೊನೆಗೆ ಅಲ್ಲಿಗೆ ಒಪ್ಪಿಕೊಂಡಿದ್ದ ಹುಡುಗಿ ಫುಕೆಟ್‌ನಲ್ಲಿ ಒಳ್ಳೆಯ ಕೆಲಸ ಸಿಕ್ಕಿತೆಂದು ಕೈಕೊಟ್ಟಳು. ಇನ್ನು ಗತಿಯಿಲ್ಲವೆಂದು ಆ ಬೇಸಿಗೆ ಶಾಲೆಯವರು ಈ ನೆರೆಗೂದಲಿನವಳನ್ನೇ ಕರೆಸಿಕೊಂಡರು.

ಯಸೋಥೊನ್ ಯಾಕೆ ಅಂತ ಆಕೆ ರೊವೆನಾಗೂ ಹೇಳಿರಲಿಲ್ಲ. ಆಕೆಯ ಒಬ್ಬಳೇ ಮಗಳು ಜೊಯ್ಲಿನ್ ಹೀಗೇ ಒಂದು ರಜೆಯಲ್ಲಿ ಕಲಿಸಲು ಹೋದವಳು, ಅಲ್ಲಿನ ವಿರೋಟ್ ಎಂಬುವನನ್ನು ಮದುವೆಯಾಗಿ ಆ ಊರಲ್ಲೇ ನಿಂತಳು. ಒಂದು ಹೆಣ್ಣು ಮಗುವಾಯಿತು. ಅದಕ್ಕೆ ಎರಡು ತುಂಬುವ ಮೊದಲೇ ಡೆಂಗಿ ಜ್ವರ ಬಂದು ಜೊಯ್ಲಿನ್ ಹೋಗಿಬಿಟ್ಟಳು. ತಾಯಿಗೆ ಪಾಸ್‌ಪೋರ್ಟ್ ಆಗುವಷ್ಟರಲ್ಲಿ ಚಿತೆ ಆರಿತ್ತು. ನಮ್ಮಲ್ಲಾದರೆ ದೂರದಲ್ಲಿರುವ ಮಕ್ಕಳು ಬರುವ ತನಕ ಹೆಣವನ್ನು ಮನೆಯಲ್ಲೇ ಇಟ್ಟುಕೊಂಡು ಕಾಯುತ್ತೇವೆ. ಈಕೆಗೆ ಮಗಳ ಮುಖವೂ ಸಿಗಲಿಲ್ಲ. ಹೆತ್ತ ಕರುಳು, ಹೇಗೆ ತಡೆದೀತು?

ಉಳಿದಿದ್ದು ಆ ಮೊಮ್ಮಗಳು, ಈಗ ಅದೇ ಬೇಸಿಗೆ ಶಾಲೆಗೆ ಹೋಗುವ ನಮ್ವಾನ್. ಅವಳೊಮ್ಮೆ ತನ್ನ ಕೈ ಹಿಡಿದು ಹಣೆಗೊತ್ತಿಕೊಳ್ಳಬೇಕು, ತಾನು "ದೇವರು ಒಳ್ಳೇದು ಮಾಡಲಿ" ಅನ್ನಬೇಕು. ಟೀಚರಿಗೆ ಬೇಕಿದ್ದದ್ದು ಇಷ್ಟೇ. ನಮ್ಮೂರಲ್ಲಿ ಸಂಜೆಯಾದರೆ ಬೀದಿಬೀದಿಯ ಮಕ್ಕಳೆಲ್ಲ ಅಜ್ಜಿಯರ ಕೈ ಹಣೆಗೊತ್ತಿಕೊಂಡೇ ಒಳಗೆ ಹೋಗುವುದು. ಈಕೆಯ ಕೈ ಮಾತ್ರ ಬರಿದೇ ಉಳಿದಿತ್ತು.

ಬಸ್ ಸ್ಟ್ಯಾಂಡಿಗೆ ವಿರೋಟ್ ಒಬ್ಬನೇ ಬಂದಿದ್ದ. ಕೈಮುಗಿದವನು ತಲೆ ಎತ್ತಲೇ ಇಲ್ಲ.

"ಅಮ್ಮಾ, ಒಂದು ಮಾತು ನಡೆಸಿಕೊಡ್ಬೇಕು. ನಮ್ವಾನ್‌ಗೆ ನಾನು ಆಮೇಲೆ ಮದುವೆಯಾದ ಪೊನ್ನೇ ತಾಯಿ. ಬೇರೆ ಯಾರೋ ಇದ್ರು ಅಂತ ಗೊತ್ತೇ ಇಲ್ಲ. ಪೊನ್‌ಗೂ ನೀವ್ಯಾರು ಅಂತ ಹೇಳಿಲ್ಲ. ದೊಡ್ಡವಳಾಗ್ಲಿ, ನಾನೇ ಹೇಳ್ತೀನಿ."

"ಅಲ್ಲೀವರೆಗೂ ನಾನಿರ್ಬೇಕಲ್ಲಪ್ಪಾ?"

ಅವನು ಆಕೆಯ ಪೆಟ್ಟಿಗೆ ಎತ್ತಿಕೊಂಡ. ಪಾಪ, ಅವನೇನು ಕೆಟ್ಟವನಲ್ಲ. ಮುರಿದ ಮನೆಯನ್ನು ಹೇಗೋ ಕೂಡಿಸಿಕೊಂಡಿದ್ದ. "ಆಯ್ತು ಬಿಡು, ಟೀಚರಾಗೇ ಇರ್ತೀನಿ," ಎಂದಳು ಆಕೆ. ಕೊಟ್ಟ ಮಾತು ಉಳಿಸಿಕೊಳ್ಳುವವಳು, ಏನು ಮಾಡುವುದು!

ಮೊದಲ ದಿನ ಹೆಸರು ಕೂಗುತ್ತಿದ್ದಾಗ ಜೊತೆಗಿದ್ದ ಅಲ್ಲಿನ ಟೀಚರಮ್ಮ ಯಿಂಗ್ ಗೊಣಗಿದಳು. "ಈ ನಮ್ವಾನ್ ಬಲು ಮೊಂಡು. ಕರೆದ್ರೆ ಹೂಂ ಅನ್ನೋಲ್ಲ, ಸುಮ್ನೆ ಹುಬ್ಬು ಹಾರಿಸ್ತಾಳೆ."

ಹರ್ಮಿನಿಯಾ ಹಾಜರಿ ಪುಸ್ತಕದಿಂದ ತಲೆ ಎತ್ತಿ ನೋಡಿದಳು. ಹುಬ್ಬೆತ್ತಿ ಹೂಂಗುಟ್ಟುವುದು ನಮ್ಮವರ ಚಾಳಿ. ತೊಟ್ಟಿಲಲ್ಲಿದ್ದಾಗ ತಾಯಿಯಿಂದ ಬಂದದ್ದು ಮಗುವಿನ ಮುಖದಲ್ಲಿ ಹಾಗೇ ಉಳಿದಿತ್ತು. "ಹೂಂ ಅಂದ್ಲಲ್ಲಮ್ಮಾ, ನಂಗೆ ಕೇಳಿಸ್ತು," ಎಂದು ಬೋರ್ಡಿನ ಕಡೆ ತಿರುಗಿಕೊಂಡಳು.

ದಿನಗಳು ಓಡಿದವು. ಮಗು ಹಾಡು ಕಲಿಯಿತು, ಬಣ್ಣಗಳ ಹೆಸರು ಕಲಿಯಿತು, ಟೀಚರ್ ಅಂಗಿಯ ತುದಿ ಹಿಡಿದು ಓಡಾಡಿತು. ಆದರೆ ತಾನಾಗಿ ಕೈ ಹಿಡಿದು ಹಣೆಗೊತ್ತಿಕೊಳ್ಳುವುದು ಅದಕ್ಕೆ ಹೇಗೆ ಗೊತ್ತಾಗಬೇಕು? ಅಲ್ಲಿನವರದು ದೂರದಿಂದ ಕೈಮುಗಿಯುವ ಪದ್ಧತಿ. ಆಗ ಟೀಚರಿಗೊಂದು ಉಪಾಯ ಹೊಳೆಯಿತು. ಇಡೀ ತರಗತಿಗೇ ಕಲಿಸಿಬಿಟ್ಟರೆ? ಎಲ್ಲರ ಸಾಲಿನಲ್ಲಿ ಅವಳೂ ಬರುತ್ತಾಳೆ. ಮಾತೂ ಮುರಿದಂತಾಗುವುದಿಲ್ಲ.

"ನೋಡಿ ಮಕ್ಳೇ, ನಮ್ಮ ದೇಶದ ನಮಸ್ಕಾರ ಕಲಿಸ್ತೀನಿ," ಎಂದು ಯಿಂಗಳ ಕೈಯನ್ನೇ ಹಿಡಿದು ತನ್ನ ಹಣೆಗೊತ್ತಿಕೊಂಡು ತೋರಿಸಿದಳು. "ಕೊನೇ ದಿನ ನಿಮ್ಮ ಅಪ್ಪ ಅಮ್ಮ ಎಲ್ಲ ಬಂದಾಗ ಮಾಡಿ ತೋರಿಸ್ಬೇಕು."

ಮಕ್ಕಳೆಲ್ಲ ಕಿಲಕಿಲ ನಕ್ಕರು. ನಮ್ವಾನ್ ಮಾತ್ರ ಎದ್ದು ನಿಂತು ಏನೋ ಕೇಳಿದಳು. ಯಿಂಗ್ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು: "ಇದನ್ನ ಯಾರಿಗೆ ಮಾಡ್ಬೇಕು ಅಂತ ಕೇಳ್ತಿದಾಳೆ."

ಟೀಚರಿಗೆ ಮಾಡಬೇಕು ಅಂದಿದ್ದರೆ ಮುಗಿದುಹೋಗುತ್ತಿತ್ತು. ಒಂದೇ ಒಂದು ಪುಟ್ಟ ಸುಳ್ಳು. ಆದರೆ ಮೂವತ್ತು ವರ್ಷ ಪಾಠ ಹೇಳಿದ ನಾಲಿಗೆ ಸುಮ್ಮನಿರಬೇಕಲ್ಲ! "ಸ್ವಂತ ಮನೆ ಹಿರಿಯರಿಗೆ ಮಾತ್ರ ಕಂದಾ. ಹೊರಗಿನವರಿಗೆ ಮಾಡೋದಲ್ಲ," ಎಂದುಬಿಟ್ಟಳು. ಹೇಳುವಾಗ ಒಳಗೊಳಗೇ ಹಿಗ್ಗಿದಳು ಕೂಡ. ನಾನೇನು ಹೊರಗಿನವಳೇ ಎಂದುಕೊಂಡಳು, ಹುಚ್ಚಿ.

ಕೊನೆಯ ದಿನ ಹಾಲ್ ತುಂಬಿತ್ತು. ಮುಂದಿನ ಸಾಲಿನಲ್ಲೇ ವಿರೋಟ್, ಪಕ್ಕದಲ್ಲಿ ಪೊನ್. ಹಾಡುಗಳು ಮುಗಿದವು. ಹರ್ಮಿನಿಯಾ ವೇದಿಕೆಯ ಮೆಟ್ಟಿಲ ಬಳಿ ನಿಂತು, ಬೆವರಿದ ಕೈಯನ್ನು ಒರೆಸಿಕೊಂಡು ಮುಂದೆ ಚಾಚಿದಳು. "ಈಗ ಮಾಡಿ ಮಕ್ಳೇ, ಕಲಿಸಿದ್ನಲ್ಲ."

ಮೊದಲು ಇಳಿದವಳೇ ನಮ್ವಾನ್. ಆ ಚಾಚಿದ ಕೈಯ ಪಕ್ಕದಲ್ಲೇ ಹಾದು ಓಡಿದಳು. ಪೊನ್‌ಳ ಮಡಿಲಿನಿಂದ ಅವಳ ಕೈ ಎತ್ತಿಕೊಂಡು ಹಣೆಗೆ ಒತ್ತಿಕೊಂಡಳು. ಹಿಂದೆಯೇ ಉಳಿದ ಮಕ್ಕಳೂ ತಂತಮ್ಮ ಅಮ್ಮ, ಅಜ್ಜಿಯರ ಕಡೆ ಚೆದುರಿದರು. ಹಾಲ್ ತುಂಬ ಚಪ್ಪಾಳೆ, ನಗು, ಮೂಗಿನ ಸೊರಸೊರ. ಪೊನ್ ಅಂತೂ ಅಳತೊಡಗಿದಳು.

"ಎಂಥಾ ಒಳ್ಳೇದು ಕಲಿಸಿದ್ರಿ ಟೀಚರ್," ಎಂದು ಮಗುವಿನೊಡನೆ ಬಂದು ಕೈಮುಗಿದಳು. ಒಳ್ಳೆಯ ಹೆಂಗಸು. ಅದು ಇನ್ನೂ ಸಂಕಟ. ಯಿಂಗ್ ಎಲ್ಲವನ್ನೂ ಒಂದೊಂದಾಗಿ ತಿರುಗಿಸಿ ಹೇಳುತ್ತಿದ್ದಳು.

ವಿರೋಟನಿಗೆ ಎಲ್ಲ ಅರ್ಥವಾಗಿತ್ತು. ಅವನ ಮುಖ ಬಿಳಿಚಿಕೊಂಡಿತ್ತು. ಬಗ್ಗಿ ಮಗಳ ಕಿವಿಯಲ್ಲಿ, "ಟೀಚರಿಗೂ ಮಾಡು ಚಿನ್ನಾ," ಎಂದ.

ನಮ್ವಾನ್ ಅಪ್ಪನನ್ನು ವಿಚಿತ್ರವಾಗಿ ನೋಡಿದಳು. "ಇಲ್ಲಪ್ಪ, ಅವ್ರಿಗೆ ಮಾಡ್ಬಾರ್ದು. ಅವ್ರು ನಮ್ಮನೆಯವರಲ್ಲ. ಅವ್ರೇ ಹೇಳಿಕೊಟ್ಟಿದ್ದು." ಎಂದವಳೇ ಎರಡೂ ಕೈ ಜೋಡಿಸಿ, ಅಪರಿಚಿತರಿಗೆ ಮಾಡುವ ಹಾಗೆ ಅಚ್ಚುಕಟ್ಟಾಗಿ ಕೈಮುಗಿದಳು. ಸರಿಯೇ ತಾನೇ ಎಂದು ಕೇಳುವಂತೆ ಹುಬ್ಬೆತ್ತಿ ನೋಡಿದಳು.

ಯಿಂಗ್ ಹೇಳಿದ್ದನ್ನು ಕೇಳಿದ ಹರ್ಮಿನಿಯಾ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ತರಗತಿಯಲ್ಲಿ ಹೇಳುವ ದನಿಯಲ್ಲೇ ಹೇಳಿದಳು:

"ಸರಿಯಾಗಿ ಹೇಳ್ದೆ ಮಗೂ. ಚೆನ್ನಾಗಿ ನೆನಪಿಟ್ಕೊಂಡಿದೀಯ."