ಗಾಡಿಗೆ ಹೇಳಿದ ಮಾತು

ಹೊಸ ಊರಿಗೆ ಹೋದರೆ ಬೇರೆಯವರು ಗುಡಿ ಎಲ್ಲಿದೆ, ಒಳ್ಳೆಯ ಚಹಾ ಎಲ್ಲಿ ಸಿಗುತ್ತದೆ ಎಂದು ನೋಡುತ್ತಾರೆ. ನಾನು ಇಳಿಜಾರು ಎಲ್ಲಿದೆ ಎಂದು ನೋಡುತ್ತೇನೆ. ಕಾರಣ ನನ್ನ ಕಾರು. ಅದರ ಓರಗೆಯ ಕಾರುಗಳೆಲ್ಲ ಗುಜರಿ ಸೇರಿದ ಮೇಲೂ ಅದೊಂದು ಹೇಗೋ ಉಳಿದುಕೊಂಡಿದೆ. ಕೀಲಿ ತಿರುವಿದ ಕೂಡಲೇ ಎದ್ದೇಳುವ ಶಿಸ್ತು ಅದಕ್ಕೆ ಬಹಳ ದಿನ ಇರಲಿಲ್ಲ. ಇಳಿಜಾರಿನಲ್ಲಿ ನಿಲ್ಲಿಸಿದ್ದರೆ ಬ್ರೇಕು ಸಡಿಲಿಸಿ, ತುಸು ಉರುಳಲು ಬಿಟ್ಟು, ಗೇರಿಗೆ ಹಾಕಿ ಕ್ಲಚ್ಚು ಬಿಟ್ಟರೆ ಕೆಮ್ಮಿ, ಗಂಟಲು ಸರಿಮಾಡಿಕೊಂಡು ಏಳುತ್ತಿತ್ತು. ಹೀಗಾಗಿ ಗೋಕಾಕದಲ್ಲಿ ನಾನು ಕಾಯಿಪಲ್ಲೆ ಕೊಳ್ಳುತ್ತಿದ್ದದ್ದು ಕಾಯಿಪಲ್ಲೆ ಚೆನ್ನಾಗಿರುವ ಕಡೆ ಅಲ್ಲ, ರಸ್ತೆ ಇಳಿಮುಖವಾಗಿರುವ ಕಡೆ. ಗೋಕಾಕ ಫಾಲ್ಸಿನ ರಸ್ತೆಯೆಂದರೆ ನನಗೆ ಜೀವ ಎಂದು ಒಮ್ಮೆ ಹೇಳಿದಾಗ ಕೇಳಿದವರು, ಪಾಪ, ಜಲಪಾತದ ವರ್ಣನೆ ಶುರುವಾಗುತ್ತದೆಂದು ಕಾದು ಕುಳಿತರು.

ನಮ್ಮ ಶಾಲೆಯ ಇನ್ನೊಬ್ಬ ಶಿಕ್ಷಕಿಯ ಮನೆಗೆ ಕುಬಸಕ್ಕೆ, ಎಂದರೆ ಸೀಮಂತಕ್ಕೆ, ಹೋದಾಗ ಕಾರನ್ನು ಎಷ್ಟೋ ಓಣಿ ಆಚೆ, ಒಂದು ದಿನ್ನೆಯ ಮೇಲೆ ಬಿಟ್ಟು, ರೇಷ್ಮೆ ಸೀರೆಯಲ್ಲಿ ಬೆವರುತ್ತ ನಡೆದುಹೋಗಿದ್ದೆ. "ಕಾರ್ ತಂದಿಲ್ಲೇನ್ರಿ?" ಎಂದು ಬಾಗಿಲಲ್ಲೇ ಕೇಳಿದರು. "ತಂದೇನ್ರಿ, ಅದನ್ನ ಅಲ್ಲೇ ಚಲೋ ಜಾಗಾ ನೋಡಿ ಕುಂಡ್ರಿಸಿ ಬಂದೇನಿ" ಎಂದೆ. ಕಾರಿರುವುದು ನಡೆಯುವ ಕಷ್ಟ ತಪ್ಪಿಸಲಿಕ್ಕೆ ಎಂದು ನಂಬಿರುವವರಿಗೆ ಇದನ್ನು ವಿವರಿಸುವುದು ಸುಲಭವಲ್ಲ.

ಈ ಕಾರು ನನಗೆ ಸಿಕ್ಕದ್ದು ಯಮಕನಮರಡಿಯ ಕಾಕಾನಿಂದ. ನನ್ನ ತಂದೆಯ ಸ್ನೇಹಿತರಾದ ಅವರು ಕಾಳುಕಡಿಯ ವ್ಯಾಪಾರಿ. ವಯಸ್ಸಾಗಿ ಕಣ್ಣು ಮಂದವಾದ ಮೇಲೆ ಕಾರನ್ನು ಹುಣಸೆ ಮರದ ಕೆಳಗೆ ನಿಲ್ಲಿಸಿಬಿಟ್ಟಿದ್ದರು. ಮೂಡಲಗಿಯಿಂದ ಗೋಕಾಕಕ್ಕೆ ದಿನಾ ಬಸ್ಸಿನಲ್ಲಿ ನಿಂತು ಹೋಗಿ, ನಿಂತು ಪಾಠ ಮಾಡಿ, ನಿಂತು ಮರಳುತ್ತಿದ್ದ ನನ್ನ ಕಾಲಿನ ಕಥೆ ಕೇಳಿ, "ಒಯ್ಯವಾ ತಂಗಿ, ನಿನಗಾರ ಆಗಲಿ" ಎಂದರು. ದಾನಕ್ಕೆ ಬಂದ ಎಮ್ಮೆಯ ಹಲ್ಲು ಹಿಡಿದು ನೋಡಬಾರದು ಎನ್ನುತ್ತಾರೆ. ಇದು ದಾನವೇನೂ ಅಲ್ಲ, ಆದರೆ ಕಾಕಾ ಕೇಳಿದ ಬೆಲೆ ದಾನದ ನೆರೆಮನೆಯಲ್ಲೇ ಇತ್ತು, ಆದ್ದರಿಂದ ನಾನು ಬಾನೆಟ್ಟು ಎತ್ತಿ ನೋಡಲಿಲ್ಲ. ನೋಡಿದ್ದರೂ ಏನು ತಿಳಿಯುತ್ತಿತ್ತು? ಎಲ್ಲ ಇದೆ ಎಂದಷ್ಟೇ ತಿಳಿಯುತ್ತಿತ್ತು.

ತರಲು ಹೋದ ದಿನ ಹಿಂದಿನ ಸೀಟಿನಲ್ಲಿ ಬೆಕ್ಕೊಂದು ಮರಿ ಹಾಕಿಕೊಂಡು ಮಲಗಿತ್ತು. ನಾನು ಬಾಗಿಲಿಗೆ ಕೈ ಹಾಕಿದ್ದೇ ತಡ, ಕಾಕಾ ತಡೆದರು. "ಬಾಳಂತೀನ ಎಬ್ಬಸಬಾರದವಾ. ಮರಿ ಕಣ್ ತಗೀಲಿ, ಆಮ್ಯಾಲ ಬಾ." ನಾನು ಬಸ್ಸಿನಲ್ಲೇ ಮರಳಿದೆ. ಕಾರು ಕೊಳ್ಳಲು ಹೋಗಿ ಬಾಣಂತಿಯನ್ನು ನೋಡಿಬಂದವಳು ಈ ಕಡೆಯ ಮೂರು ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಮರಿಗಳು ಕಣ್ಣು ಬಿಟ್ಟು, ತಾಯಿ ತಾನಾಗಿ ಅವನ್ನು ಅಟ್ಟಕ್ಕೆ ಸಾಗಿಸಿದ ಮೇಲೆಯೇ ಕಾರು ಮೂಡಲಗಿಗೆ ಬಂತು. ಬಿಳಿಯ ಬಣ್ಣ ಬಾಸುಂದಿಯ ಬಣ್ಣವಾಗಿತ್ತು. ಹಾರ್ನು ಒಂದನ್ನು ಬಿಟ್ಟು ಉಳಿದದ್ದೆಲ್ಲ ಸದ್ದು ಮಾಡುತ್ತಿತ್ತು.

ಬಂದ ದಿನವೇ ಅದು ಒಂದು ಮನೆ ಒಡೆಯಿತು. ಹೆಚ್ಚು ಹೇಳಿದಂತಾಯಿತೇನೋ, ಮನೆ ಮೊದಲೇ ಒಡೆದಿತ್ತು. ಅತ್ತೆ ಮಾವ ಹೋದ ಮೇಲೆ ಅಣ್ಣತಮ್ಮಂದಿರು ನಗುನಗುತ್ತಲೇ ಬೇರೆಯಾಗಿ, ದೊಡ್ಡ ಮನೆಯ ನಡುವೆ ಗೋಡೆ ಬಂದಿತ್ತು. ಆಚೆ ಭಾವ ಮತ್ತು ಅವರ ಹೆಂಡತಿ, ನನ್ನ ನೆಗೆಣ್ಣಿ ಕಸ್ತೂರಕ್ಕ, ಈಚೆ ನಾವು. ಅಂಗಳ ಮಾತ್ರ ಇಬ್ಬರದೂ. ಗೋಡೆ ಬಂದರೂ ನಾವಿಬ್ಬರು ಹೆಂಗಸರು ಅದರ ಮೇಲಿಂದಲೇ ಪಲ್ಯ ದಾಟಿಸುತ್ತಿದ್ದೆವು. ನಾನು ಮದುವೆಯಾಗಿ ಬಂದಾಗ ನನಗೆ ರೊಟ್ಟಿ ಬಡಿಯಲು ಕಲಿಸಿದವಳು ಅವಳು. ನನ್ನ ರೊಟ್ಟಿ ದುಂಡಗಾಗುವವರೆಗೆ ಅಂಚು ಹರಿದದ್ದನ್ನೆಲ್ಲ ತಾನೇ ತಿಂದು, ಅತ್ತೆಯ ಕಣ್ಣಿಗೆ ಬೀಳದಂತೆ ನೋಡಿಕೊಂಡಿದ್ದಳು.

ಅವತ್ತು ಅಂಗಳದಲ್ಲಿ ಅವಳು ಶಾವಿಗೆ ಒಣಹಾಕಿದ್ದಳು. ಯಂತ್ರದ್ದಲ್ಲ, ಮಣೆಯ ಮೇಲೆ ಕೈಯಲ್ಲಿ ಹೊಸೆದದ್ದು. ಎರಡು ಹೊರಸು ಮಂಚಗಳ ನಡುವೆ ಕೋಲುಗಳ ಮೇಲೆ ಎಳೆಎಳೆಯಾಗಿ ಇಳಿಬಿಟ್ಟಿದ್ದಳು. ನನ್ನ ಕಾರು ಮೆರವಣಿಗೆಯ ಹಾಗೆ ಒಳಗೆ ಬಂದು, ನಿಂತು, ಆರುವ ಮುನ್ನ ಒಂದು ದೊಡ್ಡ ಉಸಿರು ಬಿಟ್ಟಿತು. ಆ ಉಸಿರು ನೀಲಿ ಹೊಗೆ. ಶಾವಿಗೆಗೆಲ್ಲ ಸುಟ್ಟ ಎಣ್ಣೆಯ ವಾಸನೆ ಹಿಡಿಯಿತು. ಕಸ್ತೂರಕ್ಕ ಒಂದು ಎಳೆ ಮೂಸಿ ನೋಡಿ, "ಮೈಯಾಗ ಸೊಕ್ಕ ಬಂದರ ಮನಿಗೆ ಇಂಥಾ ತಗಡಿನ ಡಬ್ಬಿ ಬರತೈತಿ" ಎಂದಳು. ನಾನು ಸುಮ್ಮನಿರಬಹುದಿತ್ತು. "ನಮ್ಮ ಪಗಾರಾ, ನಮ್ಮ ಡಬ್ಬಿ" ಎಂದೆ. ಅವಳು ಇಡೀ ಶಾವಿಗೆಯನ್ನು ಬಾಚಿ ಎಮ್ಮೆಯ ಮುಂದೆ ಸುರಿದು ಒಳಗೆ ಹೋದಳು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂಬ ಗಾದೆಯನ್ನು ಅದೇ ವಾರ ಏಳನೆಯ ತರಗತಿಗೆ ವಿಸ್ತರಿಸಿ ಬರೆಯಲು ಕೊಟ್ಟಿದ್ದೆ. ಆ ಶಾವಿಗೆಯ ದಿನದಿಂದ ನಮ್ಮಿಬ್ಬರ ಮಾತು ನಿಂತಿತು.

ಮಾತು ಬಿಡುವುದಕ್ಕೆ ನಮ್ಮ ಕಡೆ ಒಂದು ರೀತಿ ರಿವಾಜು ಇದೆ. ಮಾತು ಬಿಟ್ಟವರು ಒಬ್ಬರಿಗೊಬ್ಬರು ಹೇಳಬಾರದು, ಅಷ್ಟೇ. ಬೇರೆ ಯಾರಿಗಾದರೂ, ಯಾವುದಕ್ಕಾದರೂ ಹೇಳಬಹುದು. ನಮ್ಮ ಅತ್ತೆಯವರು ಮಾವನೊಡನೆ ಮಾತು ಬಿಟ್ಟ ದಿನಗಳಲ್ಲಿ ಕರುವಿಗೆ ಹೇಳುತ್ತಿದ್ದರು: "ನೀರ ಕಾದಾವು, ಜಳಕಾ ಮಾಡವರು ಮಾಡಲಿ." ಮಾವ ಅದೇ ಕರುವಿನ ಬೆನ್ನು ಸವರಿ, "ಇನ್ನೊಂದ್ ಚೂರ ಕಾಯಲಿ" ಎನ್ನುತ್ತಿದ್ದರು. ಕರು ಇಬ್ಬರ ಮುಖವನ್ನೂ ನೋಡುತ್ತಿತ್ತು. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎನ್ನುವುದು ಎಲ್ಲ ಕಡೆಯ ಮಾತು. ನಮ್ಮಲ್ಲಿ ಕೋಪವಷ್ಟೇ ಅಲ್ಲ, ಕಾಳಜಿಯೂ ಹಾಗೆಯೇ ಸುತ್ತುಬಳಸಿ ಬರುತ್ತದೆ.

ಮಳೆಗಾಲ ಬಂತು. ಮೂಡಲಗಿಯ ನಮ್ಮ ಓಣಿ ರೊಟ್ಟಿ ಬಡಿಯುವ ಕಲ್ಲಿನಂತೆ ಸಮತಟ್ಟು. ಹುಡುಕಿದರೂ ಒಂದು ಇಳಿಜಾರು ಇಲ್ಲ. ಅಲ್ಲಿಯವರೆಗೆ ಓಣಿಯ ಗಂಡಸರು ಯಾರಾದರೂ ತಳ್ಳಿಕೊಡುತ್ತಿದ್ದರು. ಒಂದು ಬೆಳಗ್ಗೆ, ಶಾಲೆಯಲ್ಲಿ ಪರೀಕ್ಷೆ ಇದ್ದ ದಿನ, ಕಾರು ಕಟ್ ಕಟ್ ಎಂದು ಹಲ್ಲು ಕಡಿದು ಸುಮ್ಮನಾಯಿತು. ನಮ್ಮ ಮನೆಯವರ ನೌಕರಿ ಹುಕ್ಕೇರಿಯಲ್ಲಿ, ಅವರು ಮೊದಲ ಬಸ್ಸಿಗೇ ಹೋಗಿಬಿಡುತ್ತಾರೆ. ಭಾವ ತೋಟದಲ್ಲಿ. ಓಣಿಯಲ್ಲಿ ಒಂದು ಗಂಡಾಳಿನ ಸುಳಿವಿಲ್ಲ. ನಾನು ಸ್ಟೇರಿಂಗಿಗೆ ಹಣೆ ಹಚ್ಚಿ ಕುಳಿತಿದ್ದೆ. ಬಾಗಿಲು ಕಿರುಗುಟ್ಟಿತು. ಕಸ್ತೂರಕ್ಕ ಹೊರಬಂದು, ನನ್ನತ್ತ ನೋಡದೆ, ಸೆರಗು ಸೊಂಟಕ್ಕೆ ಸಿಗಿಸಿಕೊಂಡು ನೇರ ಕಾರಿನ ಹಿಂದೆ ಹೋದಳು.

"ಏ ಗಾಡಿ," ಎಂದಳು, "ಪರೀಕ್ಷಾ ಅಂತ ಗೊತ್ತಿಲ್ಲೇನ ನಿನಗ? ಹುಡುಗೂರು ಕಾಯಾಕತ್ತಾವ. ಏಳ!"

ಮತ್ತು ತಳ್ಳಿದಳು. ರೊಟ್ಟಿ ಬಡಿದು, ಎಮ್ಮೆ ಹಿಂಡಿ ಗಟ್ಟಿಯಾದ ಕೈ. ಗುಡಿಯ ತಿರುವಿನಲ್ಲಿ ಕಾರು ಕೆಮ್ಮಿ ಎದ್ದಿತು. ಕನ್ನಡಿಯಲ್ಲಿ ನೋಡಿದೆ. ನೀಲಿ ಹೊಗೆಯ ನಡುವೆ ಅವಳು ಸೆರಗು ಕೊಡವುತ್ತ ನಿಂತಿದ್ದಳು.

ಅಂದಿನಿಂದ ಅದೊಂದು ದಿನಚರಿಯಾಯಿತು. ಕಟ್ ಕಟ್ ಕೇಳಿದ ಕೂಡಲೇ ಆಚೆಯ ಬಾಗಿಲು ತೆರೆಯುತ್ತಿತ್ತು. ತಳ್ಳುವ ಮುಂಚೆ ಅವಳು ಕಾರಿನೊಡನೆ ತುಸು ಹೊತ್ತು ಮಾತಾಡುತ್ತಿದ್ದಳು. "ಏ ಗಾಡಿ, ರಾತ್ರಿ ಯಾರೋ ಕೆಮ್ಮಾಕತ್ತಿದ್ರು. ಶುಂಠಿ ಕಷಾಯಾ ಮಾಡ್ಕೋ ಅಂತ ಹೇಳ." ನಾನು ಒಳಗಿನಿಂದ ಸ್ಟೇರಿಂಗು ತಟ್ಟಿ, "ಕುಡದೇನಿ ಅಂತ ಹೇಳಪಾ" ಎನ್ನುತ್ತಿದ್ದೆ. ಒಮ್ಮೆ ಅವಸರದಲ್ಲಿ ಕೀಲಿಯನ್ನು ಮತ್ತೆ ತಿರುವುವುದನ್ನೇ ಮರೆತು ಕುಳಿತೆ. ಅವಳು ಗುಡಿ ದಾಟಿ, ಹಿಟ್ಟಿನ ಗಿರಣಿಯವರೆಗೂ ತಳ್ಳಿದಳು. ಕೊನೆಗೆ ಏದುಸಿರು ಬಿಡುತ್ತ ಡಿಕ್ಕಿಗೆ ಹೇಳಿದಳು: "ನಿನ್ನ ಒಡತಿ ಸಾಲ್ಯಾಗ ಮಂದಿ ಮಕ್ಕಳಿಗೆ ಬುದ್ಧಿ ಹೇಳ್ತಾಳಂತ. ಖರೇನ?" ಗಿರಣಿಯ ಮುಂದೆ ನಿಂತ ಹೆಂಗಸರೆಲ್ಲ ನಕ್ಕರು. ನನಗೂ ನಗು ತಡೆಯಲಿಲ್ಲ. ಅವಳು ನಕ್ಕಳೋ ಇಲ್ಲವೋ ಕನ್ನಡಿಯಲ್ಲಿ ಕಾಣಲಿಲ್ಲ.

ಹಳೆಯ ಕಾವ್ಯಗಳಲ್ಲಿ ಅಗಲಿದವರು ಮೋಡಕ್ಕೆ, ಹಂಸಕ್ಕೆ, ದುಂಬಿಗೆ ಸಂದೇಶ ಹೇಳಿ ಕಳಿಸುತ್ತಾರೆ. ಮೋಡಕ್ಕೆ ಏನು ತಿಳಿಯುತ್ತದೆ ಎಂದು ಹಿಂದೆ ನಾನು ತರಗತಿಯಲ್ಲಿ ತಮಾಷೆ ಮಾಡುತ್ತಿದ್ದೆ. ಈಗ ಮಾಡುವುದಿಲ್ಲ. ನಮ್ಮ ಶರಣರನ್ನೇ ನೋಡಿ. ವಚನದ ಕೊನೆಗೆ ತಮ್ಮ ದೇವರ ಹೆಸರು ಹಿಡಿದು ಕರೆಯುತ್ತಾರೆ. ಮಾತೆಲ್ಲ ದೇವರಿಗೆ, ಆದರೆ ತಟ್ಟುವುದು ಎದುರು ಕುಳಿತ ನಮಗೆ. ನೇರ ಹೇಳಿದ್ದರೆ ನಾವು ಜಗಳಕ್ಕೆ ನಿಲ್ಲುತ್ತಿದ್ದೆವು. ನನ್ನ ತಗಡಿನ ಡಬ್ಬಿಯನ್ನು ಆ ಸಾಲಿನಲ್ಲಿ ಕೂರಿಸುವುದು ಅಧಿಕಪ್ರಸಂಗವೇ ಸರಿ. ಆದರೂ ಅದು ಮಾಡಿದ ಕೆಲಸ ಅದೇ ಜಾತಿಯದು.

ಮಾತು ಬೆಳೆಯುತ್ತ ಹೋಯಿತು. ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ, ಕಣ್ಣಿಗೆ ಮಂಜು ಕವಿದಂತಾಗುತ್ತದೆ ಎಂದು ಅವಳು ಒಂದು ದಿನ ಗಾಡಿಗೆ ಹೇಳಿದಳು. "ತೋರಿಸಬೇಕಂತ ಹೇಳಪಾ, ಬಿಡಬಾರದು" ಎಂದೆ ನಾನು. "ಯಾರ ಕರಕೊಂಡ ಹೋಗವರು?" ಎಂದಳು ಗಾಡಿಗೆ. ನಾನು ಒಯ್ಯುತ್ತೇನೆ ಎನ್ನಬೇಕಿತ್ತು. ಬಾಯಿಯವರೆಗೆ ಬಂತು. ಆದರೆ ಅದನ್ನು ಸ್ಟೇರಿಂಗಿಗೆ ಹೇಳಿ ಕಳಿಸುವ ಮಾತಲ್ಲ, ಮುಖ ನೋಡಿ ಹೇಳಬೇಕಾದ್ದು. ಅವಳು ಮೊದಲು ಮಾತಾಡಿಸಲಿ ಎಂದು ನಾನು, ಚಿಕ್ಕವಳು ತಾನೇ ಮಾತಾಡಿಸಲಿ ಎಂದು ಅವಳು. ಅಷ್ಟರಲ್ಲಿ ಕಾರು ಎದ್ದುಬಿಡುತ್ತಿತ್ತು. ಗೋಕಾಕದ ದಾರಿಯುದ್ದಕ್ಕೂ ಕಬ್ಬಿನ ಗದ್ದೆಗಳ ನಡುವೆ ನಾನು ಹೇಳದೆ ಬಿಟ್ಟ ಮಾತನ್ನು ಒಬ್ಬಳೇ ಹೇಳಿಕೊಳ್ಳುತ್ತ ಹೋಗುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಅವಳು ಬೇಕಾಗಿದ್ದಳು. "ನೀ" ಎಂದು ಅವಳು ನನ್ನನ್ನೇ ಕರೆದು ಬೈದಿದ್ದರೂ ಸಾಕಿತ್ತು.

ಹೀಗಿರುವಾಗ ನಮ್ಮ ಮನೆಯವರಿಗೆ ನನ್ನ ಮೇಲೆ ಕರುಣೆ ಬಂತು. ರಜೆಯ ದಿನ ಕಾರನ್ನು ಘಟಪ್ರಭಾಕ್ಕೆ ಒಯ್ದು, ಹೊಸ ಬ್ಯಾಟರಿ ಹಾಕಿಸಿ, ಸ್ಟಾರ್ಟರು ರಿಪೇರಿ ಮಾಡಿಸಿ, ಹೊಗೆಗೂ ಏನೋ ಚಿಕಿತ್ಸೆ ಕೊಡಿಸಿ ತಂದರು. "ಇನ್ನ ಯಾರ ಕಾಲಾ ಹಿಡಿಯೂದ ಬ್ಯಾಡ" ಎಂದರು ಹೆಮ್ಮೆಯಿಂದ. ಮರುದಿನ ಕೀಲಿ ತಿರುವಿದೆ. ಕಾರು ಒಂದೇ ಸಲಕ್ಕೆ ಎದ್ದಿತು. ಸದ್ದು ಕೇಳಿ ಕಸ್ತೂರಕ್ಕ ಅಭ್ಯಾಸದಂತೆ ಹೊರಬಂದಿದ್ದಳು, ಸೆರಗು ಆಗಲೇ ಸೊಂಟದಲ್ಲಿತ್ತು. ಕಾರು ಅವಳ ಮುಂದೆಯೇ ಸರಾಗವಾಗಿ ಹೊರಟಿತು. ಕನ್ನಡಿಯಲ್ಲಿ ಅವಳು ಸಿಗಿಸಿದ್ದ ಸೆರಗನ್ನು ನಿಧಾನವಾಗಿ ಬಿಚ್ಚುವುದು ಕಂಡಿತು.

ಆಮೇಲೆ ಆ ಬಾಗಿಲು ತೆರೆಯಲಿಲ್ಲ. ಬರುವ ಕಾರಣ ಇಲ್ಲದ ಮೇಲೆ ಮಾತು ಬಿಟ್ಟವರು ಬರುವುದು ಹೇಗೆ? ಕಾರು ಈಗ ಕಾರಿನಂತೆ ಓಡುತ್ತಿತ್ತು. ಗೋಕಾಕದಲ್ಲಿ ನನಗೆ ಬೇಕಾದ ಅಂಗಡಿಯ ಮುಂದೆಯೇ ನಿಲ್ಲಿಸುತ್ತಿದ್ದೆ. ಅಷ್ಟು ದಿನ ಬಯಸಿದ್ದು ಅದನ್ನೇ. ಆದರೆ ಬೆಳಗ್ಗೆ ಅದರಲ್ಲಿ ಕುಳಿತರೆ ಒಳಗೆಲ್ಲ ಖಾಲಿ ಖಾಲಿ ಎನಿಸಿ ಅಳು ಬಂದಂತಾಗುತ್ತಿತ್ತು. ಅವಳ ಕಣ್ಣು ಹೇಗಿದೆಯೋ, ಕೇಳಲು ಕರುವೂ ಇರಲಿಲ್ಲ.

ಒಂದು ಬೆಳಗ್ಗೆ ಕುಳಿತೆ. ಕೀಲಿ ಹಾಕಿದೆ. ತಿರುವಲಿಲ್ಲ. ಸುಮ್ಮನೆ ಕುಳಿತೇ ಇದ್ದೆ. ಶಾಲೆಗೆ ತಡವಾಗುತ್ತಿತ್ತು. ಗಂಟೆ ಬಾರಿಸಿ, ಪ್ರಾರ್ಥನೆ ಶುರುವಾಗಿ, ಮುಖ್ಯೋಪಾಧ್ಯಾಯರ ಹುಬ್ಬು ಮೇಲೇರುವುದೆಲ್ಲ ಕಣ್ಣಿಗೆ ಕಟ್ಟಿತು. ಆದರೂ ಕೈ ಏಳಲಿಲ್ಲ.

ಆಚೆಯ ಬಾಗಿಲು ಕಿರುಗುಟ್ಟಿತು. ಕಸ್ತೂರಕ್ಕ ಗೋಡೆಗೆ ಕೈ ತಾಗಿಸುತ್ತ, ಮೊದಲಿಗಿಂತ ನಿಧಾನವಾಗಿ ಬಂದಳು. ಕಾರಿನ ಹಿಂದೆ ಹೋಗಿ ಡಿಕ್ಕಿಯ ಮೇಲೆ ಎರಡೂ ಕೈ ಇಟ್ಟಳು. "ಏ ಗಾಡಿ," ಎಂದಳು. ಅಷ್ಟಕ್ಕೇ ನಿಂತಳು. ನಮ್ಮ ಮನೆಯವರು ಬಿಚ್ಚಿಸಿ ತಂದ ಹಳೆಯ ಬ್ಯಾಟರಿ ಅಂಗಳದ ಮೂಲೆಯಲ್ಲೇ, ಅವಳ ಎಮ್ಮೆಯ ಗೂಟದ ಬಳಿ ಬಿದ್ದಿತ್ತು. ಅವಳು ಅತ್ತ ಒಮ್ಮೆ ನೋಡಿ, ಸುತ್ತಿ ಬಂದು ನನ್ನ ಕಿಟಕಿಯ ಬಳಿ ನಿಂತಳು.

"ಗಾಡಿಗೇನೂ ಆಗಿಲ್ಲ," ಎಂದಳು. "ನಿನಗೇನಾಗೇತಿ?"

ದಿನವಿಡೀ ಮಾತಾಡಿ ಪಗಾರ ತೆಗೆದುಕೊಳ್ಳುವವಳು ನಾನು. ಆದರೂ ಕೈ ತಾನಾಗಿ ಸ್ಟೇರಿಂಗು ತಟ್ಟಿತು. "ಏನೂ ಆಗಿಲ್ಲಂತ ಹೇಳಪಾ..." ಎಂದು ಶುರುಮಾಡಿದೆ.

ಅವಳು ಕಾರಿನ ನೆತ್ತಿಯ ಮೇಲೆ ಫಟ್ಟನೆ ಬಡಿದಳು. "ಅದಕ್ಯಾಕ ಹೇಳ್ತಿ? ನಾ ಇಲ್ಲೇ ನಿಂತೇನಿ."

"ಕಣ್ಣ ತೋರಸಾಕ ಹೋಗೂಣ ಬರ್ರಿ ಅಕ್ಕಾರ," ಎಂದೆ. ಅಷ್ಟು ದಿನ ಕಟ್ಟಿಟ್ಟ ಮಾತು ಇಷ್ಟೇ ಉದ್ದ ಎಂದು ಆಗ ತಿಳಿಯಿತು.

"ತಡಿ, ಬಾಗಲಾ ಮುಚ್ಚಿ ಬರ್ತೇನಿ" ಎಂದು ಹೋದಳು. ಬಂದು ನನ್ನ ಪಕ್ಕ ಕುಳಿತಳು. ಈ ಕಾರನ್ನು ಓಣಿಯುದ್ದಕ್ಕೂ ಎಷ್ಟು ಸಲ ತಳ್ಳಿದ್ದಳೋ, ಒಳಗೆ ಕುಳಿತದ್ದು ಅದೇ ಮೊದಲು. ಶಾಲೆಗೆ ಫೋನು ಮಾಡಿ, ಮನೆಯಲ್ಲಿ ಹಿರಿಯರಿಗೆ ಕಣ್ಣಿನ ತೊಂದರೆ, ಇವತ್ತು ರಜೆ ಬೇಕು ಎಂದೆ. ಕೀಲಿ ತಿರುವಿದೆ. ಗಾಡಿ ಎದ್ದಿತು. ಗೋಕಾಕದವರೆಗೂ ಅವಳ ಬಾಯಿ ನಿಲ್ಲಲಿಲ್ಲ. ಎಮ್ಮೆ ಆ ಶಾವಿಗೆಯನ್ನು ಮೂಸಿಯೂ ನೋಡದೆ ಮುಖ ತಿರುಗಿಸಿತ್ತಂತೆ. ಅದನ್ನು ಹೇಳಿ ಅವಳು ನಕ್ಕಳು, ನಾನು ನಕ್ಕೆ, ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಡಲು ಮರೆತೆ. ಆಸ್ಪತ್ರೆಯ ಮುಂದೆ ಜಾಗವಿದ್ದರೂ ಹಳೆಯ ಚಟ, ಕಾರನ್ನು ಮೇಲಿನ ಇಳಿಜಾರಿನಲ್ಲೇ ನಿಲ್ಲಿಸಿದೆ.

ಕಸ್ತೂರಕ್ಕ ಇಳಿದಳು. ನನ್ನ ಕೈ ಹಿಡಿದು ಮುಂದೆ ನಡೆದವಳು ಏನೋ ನೆನಪಾದಂತೆ ತಿರುಗಿ, ಬಾನೆಟ್ಟಿನ ಮೇಲೆ ಕೈಯಾಡಿಸಿದಳು.

"ಸಿಟ್ಟಾಗಬ್ಯಾಡೋ ತಮ್ಮಾ," ಎಂದಳು, "ನಿನಗೇನೂ ಹೇಳಲಿಲ್ಲ ಅಂತ. ನಮ್ಮ ನಮ್ಮ ಮಾತ ಭಾಳ ಉಳದಿದ್ದುವು."