ಕಾಫಿ ಬ್ಯಾಡ, ಬೈಯ್ರಿ!

ಸ್ನೇಹಿತರೇ, ಕೆಲಸದವರಿಗೆ ಬುದ್ಧಿ ಹೇಳುವಾಗ ಕಾಫಿ ಮಾತ್ರ ತರಿಸಬೇಡಿ.

ಅರಸೀಕೆರೆಯ ನಮ್ಮ ಕೊಬ್ಬರಿ ಮಂಡಿಯಲ್ಲಿ ಈ ವಾರ ಒಳ್ಳೆಯ ಮಾಲಿನ ಜೊತೆ ಬೂಷ್ಟು ಹಿಡಿದದ್ದೂ ಚೀಲ ಸೇರುತ್ತಿತ್ತು. ಆರಿಸುವವರು ಸಿದ್ದಪ್ಪ. ಎಲ್ಲರೆದುರು ಬೈಯುವುದು ಬೇಡವೆಂದು, ಮ್ಯಾನೇಜರ್ ಆದ ನಾನು ಇವತ್ತು ಅವರನ್ನು ಒಳಗೆ ಕರೆದು, ಕುರ್ಚಿ ಕೊಟ್ಟು, ಕಾಫಿ ತರಿಸಿದೆ.

ಅವರು ಕೂರಲೇ ಇಲ್ಲ. “ಮಂಡಿ ಯಜಮಾನ್ರು ನಮ್ ಜೊತೆ ಕೆಲ್ಸಕ್ಕಿದ್ದ ಮಂಜಣ್ಣಂಗೂ ಹಿಂಗೇ ಕಾಫಿ ಕುಡ್ಸಿ ಕೆಲ್ಸ ಬಿಡ್ಸಿದ್ರು. ನಂಗೆ ಬೈಯ್ರಿ ಸಾ, ಕಾಫಿ ಬ್ಯಾಡ!”

ಬೇರೆ ದಾರಿ ಕಾಣದೆ ಎರಡು ಮಾತು ಜೋರಾಗಿಯೇ ಬೈದೆ. ಸಮಾಧಾನವಾಗಿ ಕೂತರು.

“ಕಣ್ಣು ಮಂಜಾಗೈತೆ ಸಾ. ಹೇಳಿದ್ರೆ ಕೆಲ್ಸ ಹೋಯ್ತದೆ ಅಂತ ಸುಮ್ಕಿದ್ದೆ.”

ನಾಳೆ ಕಣ್ಣಿನ ಡಾಕ್ಟರ ಬಳಿ ಹೋಗುವುದೆಂದಾಯಿತು. ಇಬ್ಬರೂ ನಗುತ್ತಾ ಹೊರಬಂದರೆ, ಒಳಗೆ ಕಾಫಿ ಹೋದದ್ದನ್ನು ನೋಡಿದ್ದ ಉಳಿದವರು ಸಿದ್ದಪ್ಪನವರ ಚಪ್ಪಲಿ, ಟಿಫನ್ ಕ್ಯಾರಿಯರ್ ಎರಡನ್ನೂ ಬಾಗಿಲಿಗೆ ತಂದಿಟ್ಟಿದ್ದರು.