ಹೆಸರು ಮಡಚಿದ ಕವಿತೆಗಳು

ಯಜಮಾನರು ಕೊನೆಯ ಸಲ ಕಲಬುರಗಿಗೆ ಹೋದ ಹಿಂದಿನ ದಿನ ಬೆಳಿಗ್ಗೆ ಕಮಲಾಪುರದ ಮನೆಯಲ್ಲಿ ನಾನು ರೊಟ್ಟಿ ಬಡಿಯುತ್ತಿದ್ದೆ. ಯಜಮಾನರು ಮಣೆ ಹಾಕಿಕೊಂಡು ಕೂತು ಅಂಚೆಯಲ್ಲಿ ಬಂದ ಕವಿತೆ ಓದುತ್ತಿದ್ದರು. ಅವರು ಹೈಸ್ಕೂಲಿನ ಹಿಂದಿ ಮಾಸ್ತರರು. ಮಣಿಪುರದಿಂದ ಕೇರಳದವರೆಗಿನ ಕವಿಗಳು ಹಿಂದಿಗೆ ಮಾಡಿಸಿ ಕಳಿಸಿದ್ದನ್ನು ಕನ್ನಡಕ್ಕೆ ತಂದು, ಮೂರು ತಿಂಗಳಿಗೊಮ್ಮೆ ಪತ್ರಿಕೆ ಮಾಡುತ್ತಿದ್ದರು. ನನಗೆ ಕನ್ನಡದಲ್ಲಿ ಓದಿ ಹೇಳುವ ಮೊದಲು ಹಾಳೆಯ ತುದಿ ಮಡಚಿ ಕವಿಯ ಹೆಸರು ಮುಚ್ಚುವರು. ಕೇಳುತ್ತ ನನ್ನ ಕೈ ನಿಂತರೆ ಆ ಕವಿತೆ ಅಚ್ಚಿಗೆ. ನಿಲ್ಲದಿದ್ದರೆ ವಾಪಸ್. ಮೊದಲ ಸಂಚಿಕೆಯಿಂದಲೂ ಇದೇ ಪದ್ಧತಿ. ಎಷ್ಟು ರೊಟ್ಟಿ ಹರಿದವೋ.

ಅಂದು ಒಂದು ಕವಿತೆಗೆ ನನ್ನ ಕೈ ನಿಲ್ಲಲೇ ಇಲ್ಲ.

“ಇನ್ನೊಂದ್ ಸಲ ಓದ್ಲೇನು?” ಎಂದರು.

“ಹತ್ ಸಲ ಓದ್ರಿ. ಸಪ್ಪನ ಪಲ್ಯ ಮತ್ತ ಮತ್ತ ಕುದಿಸಿದ್ರ ರುಚಿ ಬರ್ತದೇನ್ರಿ?”

ಮಡಿಕೆ ಬಿಚ್ಚಿ ನೋಡಿ ನಕ್ಕರು. “ದಿಲ್ಲಿ ದೊಡ್ಡ ಮನಶ್ಯಾಂದು. ಈಗ ಅವಗ ಏನಂತ ಬರೀಲಿ?”

“ರೊಟ್ಟಿ ನಿಲ್ಲಲಿಲ್ಲ ಅಂತ ಬರೀರಿ.”

ಮರುದಿನ ಕಲಬುರಗಿಗೆ ಹೋದರು. ಅಲ್ಲಿಯ ಕಪನೂರಿನ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದಾಗ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ.

ವರ್ಷದ ಮೇಲೆ ಅವರ ಇಬ್ಬರು ಗೆಳೆಯರು ಪತ್ರಿಕೆಯ ಇತಿಹಾಸ ಬರೆದು ತೋರಿಸಲು ತಂದರು. ವಿದ್ವಾಂಸರ ಸಮಿತಿಯೊಂದು ಕವಿತೆಗಳನ್ನು ಆರಿಸುತ್ತಿತ್ತು ಎಂದು ಅದರಲ್ಲಿತ್ತು. ನಾನು ಏಳನೆಯ ತರಗತಿಯವರೆಗೆ ಕಲಿತವಳು. ಅಷ್ಟು ಓದಲು ಬರುತ್ತದೆ.

“ಯಾವ ಸಮಿತಿರಿ?” ಎಂದೆ.

“ವೈನಿ, ಇದು ಇಡೀ ದೇಶದ ಪತ್ರಿಕಿ. ಒಲಿ ಮುಂದ ಆರಿಸ್ತಿದ್ರು ಅಂತ ಬರದ್ರ ಮಂದಿ ನಗ್ತಾರ್ರಿ.”

“ನಗಲಿ. ಯಾರ್‍ಯಾರ ಕವಿತಾ ವಾಪಸ್ ಹೋಗ್ಯಾವ, ಅವ್ರೂ ನಗಲಿ.”

“ಹಂಗಲ್ರೀ. ನಿಮ್ ಹೆಸ್ರು ಕಡೀಗೆ ಒಂದ್ ಕಡಿ ಹಾಕ್ತೇವ್ರಿ.”

“ನನ್ ಹೆಸ್ರು ಬ್ಯಾಡ. ಪದ್ಧತಿ ಬರೀರಿ. ಈ ಸುಳ್ಳು ಇರೋತನಾ ಹಳೀ ಸಂಚಿಕಿ ಒಂದೂ ಹೊಸ್ತಿಲ ದಾಟಂಗಿಲ್ಲ.”

ಚಹಾ ಮುಟ್ಟದೆ ಎದ್ದರು. ಅವರ ಪುಸ್ತಕಕ್ಕೆ ಬೇಕಾದ ಹಳೆಯ ಸಂಚಿಕೆಗಳೆಲ್ಲ ಸಿಗುವುದು ನನ್ನ ಟ್ರಂಕಿನಲ್ಲಿ ಮಾತ್ರ. ವಾರದಲ್ಲಿ ಫೋನ್ ಬಂತು, ಸಮಿತಿಯ ಸಾಲು ತೆಗೆಯುತ್ತೇವೆ ಎಂದು. ತೆಗೆದದ್ದನ್ನು ಕಣ್ಣಾರೆ ನೋಡಿದ ಮೇಲೆ ಸಂಚಿಕೆಗಳನ್ನು ಕೊಟ್ಟೆ.

ಅಂಚೆ ಇನ್ನೂ ಬರುತ್ತಿದೆ. ಯಜಮಾನರ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಹಾಗಾಂವದಿಂದ ರವಿವಾರ ಬಂದು ಕನ್ನಡಕ್ಕೆ ಮಾಡಿ ಓದುತ್ತಾಳೆ. ನಾನು ಬಡಿಯುತ್ತೇನೆ. ಎರಡು ಸಂಚಿಕೆ ತಂದಿದ್ದೇವೆ. ಯಾರ ಅಪ್ಪಣೆಯನ್ನೂ ಕೇಳಿಲ್ಲ.

ಇತಿಹಾಸದ ಪುಸ್ತಕ ಕಲಬುರಗಿಯಲ್ಲಿ ಬಿಡುಗಡೆಯಾಯಿತು. ಸಮಿತಿಯ ಮಾತು ಅದರಲ್ಲಿಲ್ಲ. ಕವಿತೆಗಳನ್ನು ಆರಿಸಿದ್ದು ಹೇಗೆ ಎಂಬುದೂ ಇಲ್ಲ.